ಗಾಳಿ ಏಳುವ ಮೊದಲು ಮುಕ್ತಿನಾಥ

ಮೊದಲ ದಿನ: ಪೊಖರಾದಿಂದ ಮಾರ್ಫಾ

ನೇಪಾಳದ ಮುಕ್ತಿನಾಥ ದೇವಸ್ಥಾನದ ಯಾತ್ರೆಗೆ ಪೊಖರಾದಲ್ಲಿ ಜೀಪು ಗೊತ್ತು ಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು, ಎಷ್ಟು ಹೊತ್ತಿಗೆ ಹೊರಡುವುದು ಎಂದು. ಎಂಟಕ್ಕೆ ಹೊರಟರೆ ಸಾಕು ಎನ್ನುವ ಡ್ರೈವರ್ ಬೇಡ. ಐದೂವರೆಗೆ ತಯಾರಿರಿ ಎನ್ನುವವನು ಆ ದಾರಿಯನ್ನು ಬಲ್ಲವನು. ನಮಗೆ ಸಿಕ್ಕವನು ಐದೂಕಾಲು ಎಂದ. ನೇಪಾಳದ ಗಡಿಯಾರ ಭಾರತದ್ದಕ್ಕಿಂತ ಹದಿನೈದು ನಿಮಿಷ ಮುಂದೆ. ಫೋನು ತಾನಾಗಿಯೇ ಹೊಂದಿಕೊಳ್ಳುತ್ತದೆ, ಕೈಗಡಿಯಾರ ಹೊಂದಿಕೊಳ್ಳುವುದಿಲ್ಲ. ಹಿರಿಯರು ಸರಿಯಾದ ಸಮಯಕ್ಕೇ ಇಳಿದು ಬಂದೆವೆಂದು ವಾದಿಸುತ್ತಾ ಕಾಲು ಗಂಟೆ ತಡವಾಗುವುದು ಇದರಿಂದಲೇ.

ಕಾಗದಪತ್ರದ ಕೆಲಸ ಹಿಂದಿನ ದಿನವೇ ಮುಗಿಸಿಕೊಂಡಿರಬೇಕು. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಸಾಕು. ಆಧಾರ್ ನೆಚ್ಚಿಕೊಂಡು ವಿಮಾನದಲ್ಲಿ ಬರುವವರು ಏರ್‌ಪೋರ್ಟಿನಲ್ಲೇ ತೊಂದರೆಗೆ ಸಿಕ್ಕುತ್ತಾರೆ. ಮುಕ್ತಿನಾಥ ಇರುವುದು ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ. ಅದರ ಪರವಾನಗಿಗೆ ಸಾರ್ಕ್ ದೇಶದವರು 1,000 ನೇಪಾಳಿ ರೂಪಾಯಿ ಕಟ್ಟಬೇಕು, ಎರಡು ಫೋಟೊ ಜೊತೆಗಿರಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ 1.60 ಎಂಬುದು ಕಟ್ಟಿಟ್ಟ ದರ. ಯುಪಿಐ ಸ್ಕ್ಯಾನ್ ಪೊಖರಾದ ಅಂಗಡಿಗಳಲ್ಲಿ ಅಲ್ಲಲ್ಲಿ ನಡೆಯುತ್ತದೆ, ಆದರೆ ಮೇಲೆ ನೆಟ್‌ವರ್ಕನ್ನು ನಂಬಿ ಊಟಕ್ಕೆ ಕೂರಬಾರದು. ನೂರರ ನೋಟುಗಳ ಒಂದು ಕಟ್ಟು ಜೇಬಿನಲ್ಲಿದ್ದರೆ ಧೈರ್ಯ.

ಜೀಪೆಂದರೆ ಇಲ್ಲಿ ಹೆಚ್ಚಾಗಿ ಸ್ಕಾರ್ಪಿಯೊ ಅಥವಾ ಬೊಲೆರೊ. ಡ್ರೈವರನ್ನು ಎಲ್ಲರೂ ಕರೆಯುವುದು ‘ಗುರುಜಿ’ ಎಂದು. ಮೊದಮೊದಲು ಬಾಯಿಗೆ ಬರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಆ ಹೆಸರು ಎಷ್ಟು ತಕ್ಕದ್ದು ಎಂದು ಗೊತ್ತಾಗುತ್ತದೆ.

ಪೊಖರಾ ಇರುವುದು 820 ಮೀಟರ್ ಎತ್ತರದಲ್ಲಿ. ಊರು ದಾಟಿ ನೌಡಾಂಡಾ ಏರಿದ ಮೇಲೆ ಲುಮ್ಲೆ ಸಿಗುತ್ತದೆ. ನೇಪಾಳದಲ್ಲೇ ಹೆಚ್ಚು ಮಳೆ ಬೀಳುವ ಜಾಗ ಇದು, ವರ್ಷಕ್ಕೆ 5,000 ಮಿಲಿಮೀಟರ್ ದಾಟುತ್ತದೆ. ಸಂಜೆ ತಲುಪಬೇಕಾದ ಜೋಮ್‌ಸೋಮ್ ಕಡೆಗೆ 300 ಮಿಲಿಮೀಟರ್ ಬಿದ್ದರೆ ಹೆಚ್ಚು. ನಡುವೆ ಅನ್ನಪೂರ್ಣ ಶ್ರೇಣಿ ಅಡ್ಡ ನಿಂತು ಮೋಡವನ್ನೆಲ್ಲ ಈಚೆಗೇ ಸುರಿಸಿಕೊಳ್ಳುತ್ತದೆ. ಆಗುಂಬೆಯಲ್ಲಿ ತಿಂಡಿ ತಿಂದು ಚಳ್ಳಕೆರೆಗಿಂತಲೂ ಒಣಗಿದ ನೆಲದಲ್ಲಿ ರಾತ್ರಿ ಮಲಗಿದ ಹಾಗೆ. ಅಕ್ಟೋಬರ್ ಆದ್ದರಿಂದ ಲುಮ್ಲೆಯ ಆಸುಪಾಸಿನ ಮೆಟ್ಟಿಲು ಗದ್ದೆಗಳಲ್ಲಿ ತೆನೆ ಕಂದು ತಿರುಗಿತ್ತು. ಜೀಪು ನಿಧಾನಿಸಿದಾಗ ನೋಡಿದರೆ ಅದು ನಮ್ಮ ರಾಗಿ! ನೇಪಾಳಿಯಲ್ಲಿ ಕೋದೊ. ಬತ್ತಕ್ಕೆ ನೀರು ನಿಲ್ಲದ ಇಳಿಜಾರೆಲ್ಲ ರಾಗಿಯ ಪಾಲು. ಬರಿ ಹಿಟ್ಟಿಗಷ್ಟೇ ಅಲ್ಲ, ಇಲ್ಲಿ ಅದರಿಂದ ಸಾರಾಯಿಯನ್ನೂ ಇಳಿಸುತ್ತಾರೆ.

ಬೇನಿವರೆಗೆ ಸುಮಾರು 80 ಕಿಲೋಮೀಟರ್, ಮೂರು ಗಂಟೆ, ದಾರಿ ಸುಖವಾಗಿದೆ. ಕಾಳಿ ಗಂಡಕಿ ನದಿಯ ಮಗ್ಗುಲಿನ ಕಠಿಣ ದಾರಿ ಶುರುವಾಗುವುದೇ ಬೇನಿಯಿಂದ. ಇಲ್ಲಿ ಚಹಾ ಕುಡಿದು, ಶೌಚದ ಕೆಲಸ ಮುಗಿಸಿ, ಬ್ಯಾಗುಗಳನ್ನು ಟಾಪಿನಿಂದ ಒಳಗೆ ಇಳಿಸಿಕೊಳ್ಳಬೇಕು, ಇಲ್ಲವೇ ಟಾರ್ಪಾಲು ಬಿಗಿಸಬೇಕು. ಮುಂದೆ ಏಳುವ ಧೂಳು ಸೂಟ್‌ಕೇಸಿನ ಜಿಪ್ಪಿನ ಹಲ್ಲುಗಳ ನಡುವೆ ಕೂತರೆ ರಾತ್ರಿ ಅದು ತೆರೆಯುವುದೇ ಇಲ್ಲ. ಔಷಧಿ, ಸ್ವೆಟರು, ನೀರು, ಮುಖಕ್ಕೆ ಕಟ್ಟುವ ಬಟ್ಟೆ ಕಾಲಬಳಿ ಇರುವ ಚೀಲದಲ್ಲಿರಲಿ.

ತಾತೋಪಾನಿ ದಾಟಿ ದಾನಾ ಬಳಿ ರೂಪ್ಸೆ ಜಲಪಾತ ರಸ್ತೆಯ ಪಕ್ಕಕ್ಕೇ ಧುಮುಕುತ್ತದೆ. ಫೋಟೊಗೆ ಇಳಿದವರು ಒದ್ದೆಯಾಗಿಯೇ ಹತ್ತುತ್ತಾರೆ. ಇಲ್ಲಿಂದ ಘಾಸಾವರೆಗಿನ ತುಂಡೇ ಇಡೀ ದಾರಿಯ ಕುತ್ತಿಗೆ. ಕಣಿವೆ ಇಲ್ಲಿ ತೀರಾ ಇಕ್ಕಟ್ಟು. ಗೋಡೆಯಂಥ ಗುಡ್ಡ ಕೊರೆದು ರಸ್ತೆ ಅಗಲಿಸುತ್ತಾ ಹೋದಂತೆ ಮೇಲಿನ ಇಳಿಜಾರಿನ ಬುಡ ಸಡಿಲವಾಗುತ್ತದೆ, ಮಳೆಗಾಲದ ನೀರು ಕಾರ್ತಿಕದವರೆಗೂ ಒಳಗೊಳಗೇ ಜಿನುಗುತ್ತಿರುತ್ತದೆ. ಬಿಸಿಲು ಕಾಣದ ತಿರುವುಗಳಲ್ಲಿ ಅದು ಜೇಡಿಮಣ್ಣಿನ ಕೆಸರಾಗುತ್ತದೆ. ಡೋಜರ್ ಮಣ್ಣು ತಳ್ಳುವಾಗ ಎರಡೂ ಕಡೆಯ ವಾಹನ ನಿಲ್ಲಿಸುತ್ತಾರೆ, ಒಮ್ಮೆ ನಿಂತರೆ ಅರ್ಧ ಗಂಟೆಯೂ ಆದೀತು, ಎರಡು ಗಂಟೆಯೂ ಆದೀತು. ಬೆಳಗಿನ ಐದೂಕಾಲಿನ ಲೆಕ್ಕ ಇರುವುದು ಈ ಎರಡು ಗಂಟೆಗಾಗಿ.

ನಮ್ಮ ಮುಂದಿದ್ದ ಜೀಪಿನ ಹಿಂದಿನ ಚಕ್ರಗಳು ಕೆಸರಲ್ಲಿ ಹೂತವು. ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ. ಗುರುಜಿ ಇಳಿದು ಹೋಗಿ ಆ ಡ್ರೈವರಿಗೆ ಕೈ ತೋರಿಸಿ ಇಂಜಿನ್ ನಿಲ್ಲಿಸಿದ. ಒಂದು ಸಣ್ಣ ಕಲ್ಲು ಹಿಡಿದು ಹಿಂದಿನ ಟೈರುಗಳ ವಾಲ್ವ್ ಒತ್ತಿ ಗಾಳಿ ಅರ್ಧದಷ್ಟು ಬಿಟ್ಟ. ಟೈರು ಚಪ್ಪಟೆಯಾಗಿ ಅಗಲವಾಗಿ ಕೂರಬೇಕು, ಅದಕ್ಕೆ. ಚಕ್ರದ ಮುಂದಿನ ಕೆಸರನ್ನು ಕೈಯಲ್ಲೇ ಬಾಚಿ, ದುಂಡು ಕಲ್ಲು ಬಿಟ್ಟು ಚಪ್ಪಡಿಗಳನ್ನೇ ಆರಿಸಿ ಇಳಿಜಾರಾಗಿ ಜೋಡಿಸಿದ. ಜನರನ್ನೆಲ್ಲ ಇಳಿಸಲಿಲ್ಲ. ಇಬ್ಬರನ್ನು ಹಿಂದಿನ ಸೀಟಿನಲ್ಲೇ ಕೂರಿಸಿದ, ಚಕ್ರದ ಮೇಲೆ ತೂಕ ಬೇಕಲ್ಲ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಹೆಚ್ಚು ಮುಟ್ಟದೆ, ಒಂದೇ ಸಲಕ್ಕೆ ಜೀಪು ಮೇಲೆ ಬಂತು. ‘ಮೊದಲನೇ ಗೇರಿಗೆ ಶಕ್ತಿ ಜಾಸ್ತಿ, ಬುದ್ಧಿ ಕಡಿಮೆ’ ಎಂದು ಹಿಂದಿಯಲ್ಲಿ ನಕ್ಕು ಕೈ ತೊಳೆಯಲು ತೊರೆಗೆ ಇಳಿದ.

ಘಾಸಾದಲ್ಲಿ ಮುಸ್ತಾಂಗ್ ಜಿಲ್ಲೆ ಶುರು. ಪರವಾನಗಿ ತೋರಿಸಬೇಕು. ಕಾಲೋಪಾನಿಯಲ್ಲಿ (2,530 ಮೀಟರ್) ಊಟ.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಕಣಿವೆ ಥಕಾಲಿಗಳದು. ಟಿಬೆಟ್ಟಿನ ಉಪ್ಪು ಕೆಳಗೆ, ಕೆಳಗಿನ ಧಾನ್ಯ ಮೇಲೆ ಸಾಗಿಸುತ್ತಿದ್ದ ವ್ಯಾಪಾರಿಗಳು, ದಾರಿಹೋಕರಿಗೆ ಊಟ ಹಾಕಿ ಹಾಕಿ ಕೈ ಪಳಗಿದವರು. ಕಂಚಿನ ತಟ್ಟೆಯಲ್ಲಿ ಅನ್ನ, ಉದ್ದಿನ ಕರಿಬೇಳೆ, ಸೊಪ್ಪು, ಆಲೂಗಡ್ಡೆ, ಹುಳಿಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್, ಚಟ್ನಿ, ಮೇಲೆ ತುಪ್ಪ. ಖಾಲಿಯಾದದ್ದನ್ನು ಮತ್ತೆ ಬಡಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಚಟ್ನಿಯಲ್ಲಿ ನಾಲಿಗೆ ಜುಮ್ಮೆನ್ನಿಸುವುದು ಟಿಮುರ್. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಕೊಂಕಣಿಗರು ಮೀನಿಗೂ ಬೇಳೆಗೂ ಹಾಕುವ ತೆಪ್ಪಳದ ದಾಯಾದಿ ಅದು. ಬೇಳೆಯ ಒಗ್ಗರಣೆಯಲ್ಲಿ ಹುಲ್ಲಿನ ಎಳೆಯಂತೆ ಕಾಣುವುದು ಜಿಂಬು. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಹೇಳಿಯೂ ತಟ್ಟೆಗೆ ಬಂದುಬಿಡುವ ಪದಾರ್ಥ ಇದೇ. ಅಡುಗೆಯವರ ಲೆಕ್ಕದಲ್ಲಿ ಅದು ಬೆಟ್ಟದ ಸೊಪ್ಪು, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈರುಳ್ಳಿಯ ಕುಲ. ವ್ರತ ಹಿಡಿದವರು, ಶ್ರಾದ್ಧಕ್ಕೆಂದು ಹೊರಟವರು ‘ಜಿಂಬು ಪನಿ ನಹಾಲ್ನುಸ್’, ಅಂದರೆ ಜಿಂಬೂ ಹಾಕಬೇಡಿ, ಎಂದು ಬಿಡಿಸಿ ಹೇಳಬೇಕು.

ಅನ್ನದ ಬದಲು ಢಿಂಡೊ ಕೇಳಬಹುದು. ಕುದಿಯುವ ನೀರಿಗೆ ಹಿಟ್ಟು ಸುರಿದು ಕೋಲಿನಿಂದ ತಿರುವಿ ಬೇಯಿಸಿದ್ದು, ಅಂದರೆ ಮುದ್ದೆ. ಕೆಳಗಿನ ಊರುಗಳಲ್ಲಿ ರಾಗಿಯದು, ಮೇಲೆ ಫಾಪರ್ ಎಂಬ ಹುರುಳಿಗೋಧಿಯದು (ಬಕ್‌ವೀಟ್). ಫಾಪರಿನದು ಬೂದು ಬಣ್ಣ, ಅಂಟು ಹೆಚ್ಚು, ಉಂಡೆ ಕಟ್ಟುವುದಿಲ್ಲ, ಬಟ್ಟಲಲ್ಲೇ ಕೂತಿರುತ್ತದೆ. ಹೋಟೆಲಿನ ದಿದಿ ಚಮಚ ತಂದಿಟ್ಟು ಹೊರದೇಶದವರಿಗೆ ಹೇಳುವಂತೆ ‘ಅಗಿಯಬೇಡಿ, ಮುರಿದು ಅದ್ದಿ ನುಂಗಿ’ ಎಂದು ಪಾಠ ಶುರು ಮಾಡಿದರು. ಮಂಡ್ಯದವರೊಬ್ಬರು ನಮ್ಮಲ್ಲಿದ್ದರು. ಅವರ ಬೆರಳು ಅಷ್ಟರಲ್ಲಿ ಎರಡನೇ ತುತ್ತಿಗೆ ಹೋಗಿತ್ತು. ದಿದಿ ಚಮಚ ವಾಪಸು ತೆಗೆದುಕೊಂಡರು.

ಕಾಲೋಪಾನಿಯ ಅಂಗಳದಲ್ಲಿ ನಿಂತರೆ ಪಶ್ಚಿಮಕ್ಕೆ ಧವಳಗಿರಿ, 8,167 ಮೀಟರ್. ಪೂರ್ವಕ್ಕೆ ಅನ್ನಪೂರ್ಣ ಒಂದನೇ ಶಿಖರ, 8,091. ನಡುವೆ ಹಕ್ಕಿ ಹಾರುವ ದಾರಿಯಲ್ಲಿ 35 ಕಿಲೋಮೀಟರ್ ಅಷ್ಟೇ. ನದಿ ಹರಿಯುವುದು 2,500 ಮೀಟರಿನ ಸುಮಾರಿಗೆ. ಎರಡೂ ಕಡೆ ಐದೂವರೆ ಕಿಲೋಮೀಟರ್ ಎತ್ತರದ ಗೋಡೆ ಎಂದಾಯಿತು. ನದಿ ಬೆಟ್ಟಕ್ಕಿಂತ ಹಳೆಯದು. ನೆಲ ಮೇಲೇಳುತ್ತಾ ಬಂದಷ್ಟೂ ಗಂಡಕಿ ತನ್ನ ಜಾಗ ಬಿಡದೆ ಕೊರೆಯುತ್ತಾ ಬಂದದ್ದರಿಂದ ಹಿಮಾಲಯದ ನಡುವೆಯೇ ಹೀಗೊಂದು ಸೀಳು ಉಳಿದಿದೆ.

ಆ ಸೀಳಿನ ಇನ್ನೊಂದು ಫಲ ಗಾಳಿ. ಹೊತ್ತು ಏರಿದಂತೆ ಮುಸ್ತಾಂಗಿನ ಬೋಳು ಪ್ರಸ್ಥಭೂಮಿ ಕಾಯುತ್ತದೆ, ಅಲ್ಲಿಯ ಗಾಳಿ ಹಗುರಾಗಿ ಮೇಲೇಳುತ್ತದೆ, ಖಾಲಿಯಾದ ಜಾಗಕ್ಕೆ ದಕ್ಷಿಣದ ಗಾಳಿ ನುಗ್ಗಬೇಕೆಂದರೆ ಇರುವುದು ಇದೊಂದೇ ಕಂಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಲೆ ಅಲುಗುತ್ತದೆ, ಹನ್ನೊಂದಕ್ಕೆ ಟೋಪಿ ಹಾರುತ್ತದೆ, ಮಧ್ಯಾಹ್ನ ಗಂಟೆಗೆ 50 ಕಿಲೋಮೀಟರ್ ದಾಟುವುದು ಸಾಮಾನ್ಯ. ಸಂಜೆ ಕತ್ತಲಾದ ಮೇಲೆ ಇಳಿಯುತ್ತದೆ. ವರ್ಷವಿಡೀ ಹೀಗೇ. ಜೋಮ್‌ಸೋಮಿನ ಸಣ್ಣ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದು ಈ ಕಾರಣಕ್ಕೆ. ಬೆಳಗಿನ ಮೊದಲ ಹಾರಾಟಕ್ಕೇ ಟಿಕೆಟ್ ಮಾಡಿಸಬೇಕು, ಮಂಜಿನಿಂದ ಒಂದು ತಡವಾದರೆ ಕೊನೆಯದು ಗಾಳಿಗೆ ಸಿಕ್ಕಿ ರದ್ದಾಗುತ್ತದೆ. ಹೋಗುವಾಗ ಎಡಗಿಟಕಿಗೆ ಧವಳಗಿರಿ, ಬಲಗಿಟಕಿಗೆ ಅನ್ನಪೂರ್ಣ.

ಲಾರ್ಜುಂಗ್ ದಾಟಿದ ಮೇಲೆ ನದಿ ಅರ್ಧ ಮೈಲಿ ಅಗಲದ ಜಲ್ಲಿಯ ಬಯಲಾಗುತ್ತದೆ. ಮೇಲಕ್ಕೆ ಹೋಗುವ ಜೀಪಿಗೆ ಗಾಳಿ ಬೆನ್ನ ಹಿಂದಿನದು. ಅನುಕೂಲವೇ ಅಲ್ಲವೇ ಎನ್ನಿಸಬಹುದು, ಅಲ್ಲ. ಜೀಪಿನ ವೇಗಕ್ಕಿಂತ ಗಾಳಿಯ ವೇಗ ಹೆಚ್ಚು, ಹಾಗಾಗಿ ನಮ್ಮದೇ ಚಕ್ರದ ಧೂಳು ನಮ್ಮನ್ನೇ ಹಿಂದಿಕ್ಕಿ ಮುಂದಕ್ಕೆ ಹೋಗುತ್ತದೆ, ಹಿಂಬಾಗಿಲ ಸಂದಿಯಿಂದ ಒಳಗೂ ಬರುತ್ತದೆ. ಗುರುಜಿ ಆ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದ.

ಮಾರ್ಫಾಕ್ಕೆ (2,670 ಮೀಟರ್) ಬಂದದ್ದು ಮೂರೂವರೆಗೆ. ಹೆದ್ದಾರಿಯಿಂದ ಊರಿನ ಬಾಗಿಲು ದಾಟಿ ಹತ್ತು ಹೆಜ್ಜೆ ಒಳಗೆ ಹೋದರೆ ಗಾಳಿಯ ಸದ್ದೇ ಇಲ್ಲ. ಸುಣ್ಣ ಬಳಿದ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಓಣಿ ಇಬ್ಬರು ಎದುರಾದರೆ ಸಾಕಾಗುವಷ್ಟೇ ಅಗಲ, ಅದೂ ಸೊಟ್ಟ. ನೆಲಕ್ಕೆ ಹಾಸಿದ ಚಪ್ಪಡಿಗಳ ಕೆಳಗೆ ಚರಂಡಿ ಗುಳುಗುಳು ಹರಿಯುತ್ತದೆ, ಅಲ್ಲಲ್ಲಿ ಒಂದು ಚಪ್ಪಡಿ ಎತ್ತಿ ಪಾತ್ರೆ ತೊಳೆಯುತ್ತಾರೆ. ಮಟ್ಟಸ ಮಾಳಿಗೆಯ ಅಂಚಿಗೆಲ್ಲ ಸೌದೆ ಒಟ್ಟಿದ್ದಾರೆ. ಮದುವೆಗೆ ಹೆಣ್ಣು ಕೊಡುವವರು ಮೊದಲು ನೋಡುವುದು ಆ ಸೌದೆಯನ್ನೇ ಎಂದು ವಸತಿಯ ಯಜಮಾನಿ ತಮಾಷೆ ಮಾಡಿದರು. ಮಣ್ಣಿನ ಮಾಳಿಗೆಯ ಅಂಚು ಗಾಳಿಗೆ ಸವೆಯದಂತೆ ಅದೇ ಕಾಯುವುದು ಕೂಡ. 1960ರ ದಶಕದಲ್ಲಿ ಇಲ್ಲಿ ಸರ್ಕಾರಿ ತೋಟಗಾರಿಕೆ ಫಾರ್ಮ್ ಶುರುವಾದ ಮೇಲೆ ಊರು ಸೇಬಿನದಾಯಿತು. ಹೋಳು ಮಾಡಿ ಒಣಗಿಸಿದ ಸೇಬು ಕೊಳ್ಳುವುದಾದರೆ ಕಂದು ಬಣ್ಣದ್ದನ್ನೇ ಕೊಳ್ಳಿ. ಬರಿ ಬಿಸಿಲಿಗೆ ಒಣಗಿದ ಸೇಬು ಕಂದಾಗದೆ ಇರುವುದಿಲ್ಲ, ಬೆಳ್ಳಗಿರುವುದಕ್ಕೆ ಏನೋ ಸೇರಿದೆ ಎಂದೇ ಅರ್ಥ.

ರಾತ್ರಿ ಇಲ್ಲೇ ಉಳಿಯುವುದು ಬರಿ ಸೇಬಿಗಲ್ಲ. ಪೊಖರಾದಿಂದ ಒಂದೇ ದಿನಕ್ಕೆ ಮುಕ್ತಿನಾಥದ ಬುಡದ ಊರಾದ ರಾನಿಪೌವಾಕ್ಕೆ ಹತ್ತಿಸಿ ಅಲ್ಲೇ ಮಲಗಿಸುವ ಪ್ಯಾಕೇಜುಗಳಿವೆ. 820 ಮೀಟರಿನಲ್ಲಿ ಎದ್ದು 3,700 ಮೀಟರಿನಲ್ಲಿ ಮಲಗುವುದು ಅರವತ್ತು ದಾಟಿದವರಿಗಷ್ಟೇ ಅಲ್ಲ, ಯಾರಿಗೂ ಒಳ್ಳೆಯದಲ್ಲ. ತಲೆನೋವು, ವಾಕರಿಕೆ, ನಿದ್ದೆಯಲ್ಲಿ ಉಸಿರು ತಡವರಿಸುವುದು ಶುರುವಾಗುವುದು ಹತ್ತಿದ ಕೂಡಲೇ ಅಲ್ಲ, ಆರೇಳು ಗಂಟೆ ಕಳೆದ ಮೇಲೆ, ಅಂದರೆ ನಡುರಾತ್ರಿ. ಮಾರ್ಫಾ ಅಥವಾ ಜೋಮ್‌ಸೋಮಿನಲ್ಲಿ ಮಲಗಿ, ಬೆಳಿಗ್ಗೆ ಹತ್ತಿ, ಮಧ್ಯಾಹ್ನ ಇಳಿದುಬಿಟ್ಟರೆ ಆ ಗಂಟೆಗಳು ಬರುವ ಮುನ್ನವೇ ಕೆಳಗಿರುತ್ತೇವೆ. ಎತ್ತರದ ಕಾಯಿಲೆಗೆಂದು ಡಯಾಮಾಕ್ಸ್ ಮಾತ್ರೆ ತರುವವರು ಊರಲ್ಲೇ ಡಾಕ್ಟರನ್ನು ಕೇಳಿ ತರಬೇಕು, ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗದಿರಬಹುದು.

ಎರಡನೇ ದಿನ: ಕಾಗ್‌ಬೇನಿ, ಮುಕ್ತಿನಾಥ

ಐದೂವರೆಗೆ ಹೊರಟಾಗ ಮಾರ್ಫಾದ ಓಣಿಯಲ್ಲಿ ಕತ್ತಲೆ. ಜೋಮ್‌ಸೋಮ್ ದಾಟುವಾಗ ಅಲ್ಲಿಯ ನೀಲಗಿರಿ ಹಿಮಶಿಖರದ ತುದಿಗೆ ಕೆಂಪು ಬಿತ್ತು. ಗಾಳಿ ಸೊನ್ನೆ. ನಿನ್ನೆ ಸಂಜೆ ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತಿದ್ದ ಬಾವುಟಗಳು ಒಗೆದು ಹಾಕಿದ ಬಟ್ಟೆಯಂತೆ ಜೋತಿದ್ದವು.

ಕಾಗ್‌ಬೇನಿ (2,804 ಮೀಟರ್) ಮೊದಲು, ಮುಕ್ತಿನಾಥ ಆಮೇಲೆ. ಹೆಚ್ಚಿನ ತಂಡಗಳು ತಿರುವು ಮುರುವು ಮಾಡುತ್ತವೆ, ಹನ್ನೆರಡಕ್ಕೆ ಕಾಗ್‌ಬೇನಿಯ ನದಿಪಾತ್ರಕ್ಕೆ ಇಳಿದು ಕಣ್ಣಿಗೆ ಮರಳು ತುಂಬಿಕೊಳ್ಳುತ್ತವೆ. ಝೋಂಗ್ ತೊರೆ ಕಾಳಿ ಗಂಡಕಿಯನ್ನು ಸೇರುವ ಸಂಗಮ ಇದು, ಪಿತೃಗಳಿಗೆ ಪಿಂಡ ಇಡುವ ಜಾಗ. ಕಪ್ಪು ಎಳ್ಳು, ದರ್ಭೆ, ಅಕ್ಕಿಹಿಟ್ಟು ಊರಿನಿಂದಲೇ ತಂದವರಿಗೆ ಗೊಂದಲವಿಲ್ಲ. ದಾರಿಯಲ್ಲಿ ತಗೊಂಡರಾಯಿತು ಎಂದುಕೊಂಡವರು ಪುರೋಹಿತರು ಕೊಟ್ಟದ್ದರಲ್ಲಿ ತೃಪ್ತಿಪಡಬೇಕು. ಪಿಂಡವನ್ನು ನೀರಿಗೆ ಬಿಡುವಾಗಲೂ ಗಾಳಿಯ ಮಾತು ಬರುತ್ತದೆ: ಬೆಳಿಗ್ಗೆ ಏಳಕ್ಕೆ ಎಲೆ ನೆಟ್ಟಗೆ ನೀರಿಗೆ ಹೋಗುತ್ತದೆ, ಮಧ್ಯಾಹ್ನ ಕರ್ತೃವಿನ ಮುಖಕ್ಕೆ.

2023ರ ಆಗಸ್ಟಿನಲ್ಲಿ ಈ ಪುಟ್ಟ ತೊರೆಯೇ ಕೆಸರಿನ ಪ್ರವಾಹ ತಂದು ಕಾಗ್‌ಬೇನಿಯ ಮನೆಗಳನ್ನೂ ಸೇತುವೆಗಳನ್ನೂ ಕೊಚ್ಚಿತು. ಮಳೆ ಕಾಣದ ಊರು, ಮಣ್ಣಿನ ಮಾಳಿಗೆ, ಬೋಳು ಗುಡ್ಡ. ಮಳೆ ಬಂದರೆ ಮಣ್ಣು ಹಿಡಿದುಕೊಳ್ಳಲು ಗಿಡದ ಬೇರೇ ಇಲ್ಲ. ಹಳೆಯ ಊರಿನ ಓಣಿಗಳು ಉಳಿದಿವೆ. ಒಂದು ಮನೆಯ ಕೆಳಗಿನಿಂದಲೇ ದಾರಿ ಹಾದುಹೋಗುತ್ತದೆ, ಮೂಲೆಯಲ್ಲಿ ಜೇಡಿಮಣ್ಣಿನ ಕಾವಲು ದೈವಗಳು ಕಣ್ಣರಳಿಸಿ ಕೂತಿವೆ. ಕೆಂಪು ಗೊಂಪಾ (ಬೌದ್ಧ ಮಠ) ದಾಟಿ ಊರಿನ ಉತ್ತರದ ತುದಿಗೆ ಹೋದರೆ ಮೇಲಿನ ಮುಸ್ತಾಂಗಿನ ಹೊಸ್ತಿಲು. ಅದರಾಚೆ ಬೇರೆಯದೇ ದುಬಾರಿ ಪರವಾನಗಿ ಬೇಕು, ‘ಸುಮ್ಮನೆ ಹತ್ತು ಹೆಜ್ಜೆ’ ಎಂದರೂ ಬಿಡುವುದಿಲ್ಲ.

ಸಾಲಿಗ್ರಾಮದ ಆಸೆ ನದಿಪಾತ್ರದಲ್ಲೇ ಹುಟ್ಟುತ್ತದೆ. ಬೆಂಗಳೂರು, ಉಡುಪಿ, ರಾಯಚೂರಿನ ಕಡೆಯಿಂದ ಬರುವ ಎಷ್ಟೋ ಜನಕ್ಕೆ ಮುಕ್ತಿನಾಥಕ್ಕಿಂತ ಗಂಡಕಿಯೇ ಮುಖ್ಯ. ದೇವರ ಪೆಟ್ಟಿಗೆಯಲ್ಲಿ ತಾತ ಮುತ್ತಾತರಿಂದ ಬಂದ ಕಲ್ಲು ಹುಟ್ಟಿದ ಜಾಗ ಇದು. ವಿಜ್ಞಾನದ ಲೆಕ್ಕದಲ್ಲಿ ಅದು ಅಮೊನೈಟ್. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಸುರುಳಿಚಿಪ್ಪಿನ ಜೀವಿ. ಸತ್ತು ಕೆಸರಿನಲ್ಲಿ ಹೂತಾಗ ಸುತ್ತಲಿನ ಮಣ್ಣು ಗಟ್ಟಿ ಕಟ್ಟಿ ಕರಿಯ ಉಂಡೆಯಾಯಿತು. ಚಿಪ್ಪಿನ ಸುರುಳಿ ಒಳಗೆ ಅಚ್ಚಾಗಿ ಉಳಿಯಿತು, ಅದೇ ಚಕ್ರ. ಉಂಡೆಗೆ ತೂತಿದ್ದರೆ ಅದು ದ್ವಾರ. ಚಕ್ರ ಎಷ್ಟು, ದ್ವಾರ ಎಲ್ಲಿ, ಬಣ್ಣ ಯಾವುದು ಎಂಬುದರ ಮೇಲೆ ವಾಸುದೇವ, ದಾಮೋದರ, ಲಕ್ಷ್ಮೀನರಸಿಂಹ ಎಂದು ಹೆಸರು. ಒಳಗೆ ಪೈರೈಟ್ ಖನಿಜದ ಹೊನ್ನಗೆರೆ ಇದ್ದರೆ ಹಿರಣ್ಯಗರ್ಭ ಎನ್ನುತ್ತಾರೆ.

ಪಾತ್ರದಲ್ಲಿ ಹುಡುಕುವವರು ಕಪ್ಪಗೆ ಹೊಳೆಯುವುದನ್ನೆಲ್ಲ ಎತ್ತುತ್ತಾರೆ. ಅದರಲ್ಲಿ ನೂರಕ್ಕೆ ತೊಂಬತ್ತು ಬರಿ ಕಲ್ಲು. ಹೊಸದಾಗಿ ನೀರು ಸರಿದ ಅಂಚಿನಲ್ಲಿ, ಮೊಟ್ಟೆಯಂತೆ ನುಣುಪಾಗಿ, ಗಾತ್ರಕ್ಕಿಂತ ಹೆಚ್ಚು ಭಾರವಾಗಿರುವುದನ್ನು ನೋಡಬೇಕು. ಅಂಗಡಿಯಲ್ಲಿ ಕೊಳ್ಳುವುದಾದರೆ ಎರಡು ಹೋಳಾಗಿ ತೆರೆದಿಟ್ಟದ್ದನ್ನು ಜೋಡಿಸಿ ನೋಡಿ. ಒಂದು ಹೋಳಿನಲ್ಲಿ ಉಬ್ಬಿದ ಗೆರೆ ಇನ್ನೊಂದರಲ್ಲಿ ತಗ್ಗಾಗಿ ಕೂರಬೇಕು, ಕೂದಲೆಳೆ ಸಂದಿ ಬಿಡದೆ ಮುಚ್ಚಬೇಕು. ಎರಡರಲ್ಲೂ ಗೆರೆ ಉಬ್ಬಿದ್ದರೆ ಕೆತ್ತಿದ್ದು. ಎಣ್ಣೆ ಹಚ್ಚಿ ಕಪ್ಪು ಮಾಡಿದ್ದನ್ನು ಬಿಳಿ ಕರವಸ್ತ್ರದಲ್ಲಿ ಒತ್ತಿ ಒರೆಸಿದರೆ ತಿಳಿಯುತ್ತದೆ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಎನ್ನುವ ಸಂಪ್ರದಾಯದವರೂ ಇದ್ದಾರೆ. ಅಂಗಡಿಯವಳಿಗೆ ಅದು ಗೊತ್ತು. ‘ಕಲ್ಲಿಗೆ ದುಡ್ಡು ಬೇಡ ಅಪ್ಪಾ, ಹೆಕ್ಕಿದ ಕಾಲುನೋವಿಗೆ ಕೊಡಿ’ ಎಂದು ಹಿಂದಿಯಲ್ಲಿ ಹೇಳುವಷ್ಟು ನಯ ಕಲಿತಿದ್ದಾಳೆ. ವಿಮಾನದಲ್ಲಿ ಹಿಂತಿರುಗುವವರು ಹತ್ತಾರು ಕಲ್ಲು ಕೊಂಡರೆ ಚೀಲದ ತೂಕದಲ್ಲಿ ಸಿಕ್ಕಿಬೀಳುತ್ತಾರೆ.

ಕಾಗ್‌ಬೇನಿಯಿಂದ ರಸ್ತೆ ಪೂರ್ವಕ್ಕೆ ತಿರುಗಿ ಸುತ್ತುಸುತ್ತಾಗಿ ಏರುತ್ತದೆ. ಖಿಂಗರ್, ಝಾರ್‌ಕೋಟ್ ದಾಟುವಾಗ ಫಾಪರಿನ ಹೊಲಗಳು ಗುಲಾಬಿ ಕಂಬಳಿ ಹೊದ್ದಂತೆ. ಮೇಲೆ ಮರವಿಲ್ಲ, ಗುಡ್ಡವೆಲ್ಲ ಹಳದಿ, ಕೆನ್ನೀಲಿ, ಬೂದು. ಡಾಂಬರಿನ ದಾರಿ ಚೆನ್ನಾಗಿರುವುದರಿಂದ ಮುಕ್ಕಾಲು ಗಂಟೆಯಲ್ಲಿ 900 ಮೀಟರ್ ಏರಿಬಿಡುತ್ತೇವೆ. ಕಿವಿ ಮುಚ್ಚಿಕೊಳ್ಳುತ್ತದೆ, ಚಿಪ್ಸಿನ ಪೊಟ್ಟಣ ಬಲೂನಿನಂತೆ ಉಬ್ಬುತ್ತದೆ. ರಾನಿಪೌವಾದಲ್ಲಿ ಜೀಪು ನಿಲ್ಲುತ್ತದೆ. ಪೌವಾ ಎಂದರೆ ಯಾತ್ರಿಕರ ಛತ್ರ, ರಾಣಿ ಕಟ್ಟಿಸಿದ ಛತ್ರದಿಂದ ಊರಿಗೆ ಈ ಹೆಸರು.

ಇಲ್ಲಿಂದ ದೇವಸ್ಥಾನಕ್ಕೆ ಅರ್ಧ ಗಂಟೆ ನಡಿಗೆ, ಏರು ಮತ್ತು ಮೆಟ್ಟಿಲು. ಬೈಕಿನವರು, ಕುದುರೆಯವರು ಮುತ್ತಿಕೊಳ್ಳುತ್ತಾರೆ. ಇಬ್ಬರೂ ಬಿಡುವುದು ಮೆಟ್ಟಿಲಿನ ಬುಡದವರೆಗೆ ಮಾತ್ರ, ಆಮೇಲಿನದನ್ನು ಕಾಲೇ ಹತ್ತಬೇಕು. ಮಂಡಿನೋವಿನವರಿಗೆ ಬೈಕು ವಾಸಿ. ಕುದುರೆ ಏರುದಾರಿ ಹತ್ತುವಾಗ ಮೇಲೆ ಕೂತವರು ಮುಂದಕ್ಕೆ ಬಾಗಬೇಕು, ಇಳಿಜಾರು ಇಳಿಯುವಾಗ ಹಿಂದಕ್ಕೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಸೊಂಟ ಹಿಡಿದುಕೊಂಡು ಇಳಿಯುವವರೇ ಹೆಚ್ಚು. ನಡೆಯುವವರು ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಲಿ. ಮಾತಾಡುತ್ತಾ ಹತ್ತಲು ಆಗುತ್ತಿದೆ ಎಂದರೆ ವೇಗ ಸರಿಯಿದೆ, ಆಗುತ್ತಿಲ್ಲವೆಂದರೆ ಜಾಸ್ತಿಯಾಯಿತು. ಎದುರಿನಿಂದ 5,416 ಮೀಟರಿನ ಥೊರೊಂಗ್ ಕಣಿವೆದಾರಿ ದಾಟಿ ಇಳಿದುಬರುವ ಚಾರಣಿಗರು ಸಿಗುತ್ತಾರೆ, ಮೂಗಿನ ಚರ್ಮ ಸುಲಿದಿರುತ್ತದೆ.

ಗುಡಿ ಚಿಕ್ಕದು. ಮೂರಂತಸ್ತಿನ ಪಗೋಡಾ ಮಾಡು, ಮುಂದೆ ಎರಡು ಕುಂಡ, ಹಿಂದೆ ಅರ್ಧಚಂದ್ರಾಕಾರದ ಗೋಡೆಯಲ್ಲಿ 108 ಹಿತ್ತಾಳೆಯ ಗೋಮುಖ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಬೌದ್ಧರಿಗೆ ಇದು ಚುಮಿಗ್ ಗ್ಯಾತ್ಸಾ, ನೂರು ನೀರಿನ ತಾಣ. ಒಳಗಿರುವ ಆಳೆತ್ತರದ ಮೂರ್ತಿ ಒಬ್ಬರಿಗೆ ವಿಷ್ಣು, ಇನ್ನೊಬ್ಬರಿಗೆ ಅವಲೋಕಿತೇಶ್ವರ. ಬೌದ್ಧ ಸನ್ಯಾಸಿನಿಯರು ಗುಡಿಯನ್ನು ನೋಡಿಕೊಳ್ಳುತ್ತಾರೆ, ಪೂಜಾರಿ ತೀರ್ಥ ಕೊಡುತ್ತಾರೆ. ತುಳಸಿ ಈ ಎತ್ತರದಲ್ಲಿ ಬೆಳೆಯುವುದಿಲ್ಲ, ಅರ್ಪಿಸಬೇಕೆಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿನಿಂದ ತಂದಿರಬೇಕು.

ಈಗ ಸ್ನಾನ. 108 ಧಾರೆಗಳ ಕೆಳಗೆ ಸಾಲಾಗಿ ಹಾದು, ಆಮೇಲೆ ಎರಡೂ ಕುಂಡಗಳಲ್ಲಿ ಮುಳುಗಿ ಏಳುವುದು ಕ್ರಮ. ಗೋಮುಖಗಳು ಸುಮಾರು ಏಳು ಅಡಿ ಎತ್ತರದಲ್ಲಿವೆ, ಒಂದರಿಂದೊಂದು ಒಂದು ಹೆಜ್ಜೆಗಿಂತ ಕಡಿಮೆ ದೂರ. ನೀರು ಹಿಮ ಕರಗಿದ್ದು. ಮೊದಲ ಹತ್ತು ಧಾರೆ ಉತ್ಸಾಹದಲ್ಲಿ ಹೋಗುತ್ತದೆ, ಇಪ್ಪತ್ತರ ಹೊತ್ತಿಗೆ ನೆತ್ತಿ ಮರಗಟ್ಟುತ್ತದೆ, ನಲವತ್ತಕ್ಕೆ ಹಣೆಯೊಳಗೆ ಸುತ್ತಿಗೆ. ಆಗ ಎಲ್ಲರೂ ಓಡುತ್ತಾರೆ. ಬೀಳುವುದೂ ಆಗಲೇ. ಹಾಸುಗಲ್ಲಿಗೆ ಪಾಚಿ ಕಟ್ಟಿರುತ್ತದೆ, ಮುಂಜಾನೆಯಾದರೆ ಅಂಚಿನಲ್ಲಿ ತೆಳು ಮಂಜುಗಡ್ಡೆಯೂ ಇರುತ್ತದೆ. ಒಂಬತ್ತೂವರೆಯ ಸುಮಾರು ಸರಿಯಾದ ಹೊತ್ತು. ಕಲ್ಲಿಗೆ ಬಿಸಿಲು ತಾಗಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ. ಒದ್ದೆ ಮೈಗೆ ಈ ಎತ್ತರದ ಗಾಳಿ ತಾಗಿದರೆ ನೀರಿಗಿಂತ ಅದೇ ಕೆಟ್ಟದ್ದು.

ಮೊದಲು ಒಣಬಟ್ಟೆಯನ್ನು ತೊಡುವ ಕ್ರಮದಲ್ಲೇ ಜೋಡಿಸಿ ಯಾರಾದರೊಬ್ಬರ ಕೈಗೆ ಕೊಡಬೇಕು, ಮೇಲೆ ಟವಲು, ಆಮೇಲೆ ಬನಿಯನ್, ಸ್ವೆಟರು, ಉಣ್ಣೆಯ ಟೋಪಿ. ಬೆರಳು ಮರಗಟ್ಟಿದ ಮೇಲೆ ಗುಂಡಿ ಹಾಕಲು, ಲಾಡಿ ಕಟ್ಟಲು ಆಗುವುದಿಲ್ಲ, ಎಲಾಸ್ಟಿಕ್ಕಿನದೇ ಇರಲಿ. ಪಂಚೆ ಉಟ್ಟವರು ಮೊಣಕಾಲಿನವರೆಗೆ ಎತ್ತಿ ಕಟ್ಟಲಿ, ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡೇ ಎಷ್ಟೋ ಜನ ಮುಗ್ಗರಿಸುವುದು. ಮೊದಲ ಧಾರೆಗೆ ತಲೆಯೊಡ್ಡುವ ಮುನ್ನ ಕೈ, ಕತ್ತು, ಎದೆಗೆ ನೀರು ಚಿಮುಕಿಸಿಕೊಂಡರೆ ಉಸಿರು ಗಕ್ಕನೆ ನಿಲ್ಲುವುದಿಲ್ಲ. ಹೃದಯದ ತೊಂದರೆ, ಬಿಪಿ ಇದ್ದವರು ಧಾರೆಗಳ ಮುಂದೆ ನಡೆಯುತ್ತಾ ಬೊಗಸೆಯಿಂದ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಹಾಗೆ ಮಾಡಿದ ಅಜ್ಜಿಯೊಬ್ಬರು ಒಂದೊಂದು ಗೋಮುಖದ ಧಾರೆಯನ್ನೂ ಕೈಯಿಂದ ಮುಟ್ಟಿ ಎಣಿಸುತ್ತಾ ಹೋದರು, ನೂರ ಎಂಟೂ ಪೂರ್ತಿ. ಓಡಿದವರಲ್ಲಿ ಯಾರಿಗೂ ಎಣಿಸಲು ಆಗಿರಲಿಲ್ಲ.

ಗುಡಿಯಿಂದ ಇಳಿದು ಪಕ್ಕಕ್ಕೆ ಹೋದರೆ ಜ್ವಾಲಾಮಾಯಿ. ಅವಸರದವರು ಬಿಟ್ಟುಬರುವುದು ಇದನ್ನೇ, ನನ್ನ ಮಟ್ಟಿಗೆ ಇಡೀ ಬೆಟ್ಟದಲ್ಲಿ ನೋಡಬೇಕಾದ್ದೂ ಇದೇ. ಪುಟ್ಟ ಗೊಂಪಾ. ಸನ್ಯಾಸಿನಿ, ಅಲ್ಲಿಯ ಮಾತಿನಲ್ಲಿ ಅನಿ, ಪೀಠದ ಕೆಳಗಿನ ಪರದೆ ಸರಿಸಿದರು. ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಬೇಕು. ಜಾಲರಿಯ ಹಿಂದೆ, ಕಲ್ಲಿನ ಸಂದಿಯಲ್ಲಿ, ಗ್ಯಾಸ್ ಒಲೆಯನ್ನು ತೀರಾ ಸಣ್ಣ ಮಾಡಿದಾಗ ಇರುವಷ್ಟು ನೀಲಿ ನಾಲಿಗೆ. ಅದರ ಅಡಿಯಲ್ಲೇ ನೀರು ಹರಿಯುವ ಸದ್ದು. ನೆಲದೊಳಗಿನ ನೈಸರ್ಗಿಕ ಅನಿಲ ಸೋರಿ ಉರಿಯುತ್ತಿರುವುದು. ನೀರು, ಕಲ್ಲು, ಮಣ್ಣು ಮೂರರಲ್ಲೂ ಉರಿಯುತ್ತದೆ ಎಂಬುದು ಕ್ಷೇತ್ರದ ಮಾತು. ಫೋನಿನ ಟಾರ್ಚ್ ಹಾಕಿದವರಿಗೆ ಏನೂ ಕಾಣುವುದಿಲ್ಲ. ‘ದೀಪ ಆರಿಸಿ, ದೀಪ ಕಾಣುತ್ತೆ’ ಎಂದರು ಅನಿ, ದಿನಕ್ಕೆ ನೂರು ಸಲ ಹೇಳಿ ಸಾಕಾದ ದನಿಯಲ್ಲಿ.

ಹನ್ನೊಂದಕ್ಕೆ ರಾನಿಪೌವಾದಲ್ಲಿ ಬಿಸಿ ಬಿಸಿ ಸಮುದ್ರಮುಳ್ಳಿನ (ಸೀಬಕ್‌ಥಾರ್ನ್) ಹಣ್ಣಿನ ರಸ, ಕಿತ್ತಳೆ ಬಣ್ಣದ್ದು, ಹುಣಿಸೆಯಂಥ ಹುಳಿ. ಹನ್ನೊಂದೂವರೆಗೆ ಇಳಿಯಲು ಶುರು. ಝಾರ್‌ಕೋಟ್‌ವರೆಗೆ ಶಾಂತ. ಕೊನೆಯ ತಿರುವಿನಲ್ಲಿ ಕಾಳಿ ಗಂಡಕಿ ಕಂಡಾಗ ಪಾತ್ರದ ಮೇಲೆ ಬೂದು ಪರದೆ ತೂಗುತ್ತಿತ್ತು. ಬೆಳಿಗ್ಗೆ ನಾವು ಕಲ್ಲು ಹೆಕ್ಕಿದ ಜಾಗವೇ ಕಾಣಲಿಲ್ಲ. ಜೋಮ್‌ಸೋಮಿನ ಹತ್ತಿರ ಒಬ್ಬ ಮೇಲಂಗಿಯ ಗುಂಡಿ ಬಿಚ್ಚಿಕೊಂಡೇ ಜೀಪಿನಿಂದ ಇಳಿಯಹೋದ. ಗಾಳಿ ಜೀಪಿನ ಬಾಗಿಲನ್ನು ಕಿತ್ತು ಹಿಂದಕ್ಕೆ ಬಡಿಯಿತು, ಕೀಲು ಬಾಗಿತು. ಅಲ್ಲಿಂದ ಮಾರ್ಫಾಕ್ಕೂ, ಮರುದಿನ ಪೊಖರಾವರೆಗೂ ಬಾಗಿಲಿಗೆ ಹಗ್ಗ. ಈ ಊರುಗಳಲ್ಲಿ ಬಾಗಿಲನ್ನು ಒಂದು ಕೈಯಲ್ಲಿ ತೆರೆಯಬಾರದು, ಮೊದಲು ಹೊರಗಿನ ಮರ ಯಾವ ಕಡೆ ಬಾಗಿದೆ ಎಂದು ನೋಡಬೇಕು. ಗುರುಜಿ ಬೈಯಲಿಲ್ಲ, ಹಗ್ಗ ಸೀಟಿನ ಕೆಳಗೆ ಸಿದ್ಧವಾಗಿಯೇ ಇತ್ತು.

ಮೂರನೇ ದಿನ: ಇಳಿಯುವ ದಾರಿ

ಮಾರ್ಫಾದಿಂದ ಆರಕ್ಕೆ ಹೊರಟೆವು. ದಾನಾದ ಕೆಸರಿನ ತುಂಡು ಗಟ್ಟಿಯಾಗಿತ್ತು, ಡೋಜರಿನ ಕೆಲಸ ಇನ್ನೂ ಶುರುವಾಗಿರಲಿಲ್ಲ, ಹೋಗುವಾಗ ಎರಡು ಗಂಟೆ ತಿಂದ ಜಾಗ ಇಪ್ಪತ್ತು ನಿಮಿಷದಲ್ಲಿ ಕಳೆಯಿತು. ಹಾಗೆ ಉಳಿದ ಹೊತ್ತನ್ನು ತಾತೋಪಾನಿಗೆ ಕೊಡಬಹುದು. ತಾತೋ ಎಂದರೆ ಬಿಸಿ. ನದಿಯ ದಂಡೆಯಲ್ಲೇ ಬಿಸಿನೀರಿನ ತೊಟ್ಟಿಗಳು, ಎತ್ತರ 1,190 ಮೀಟರ್. ನಿನ್ನೆಯ ಧಾರೆಗೆ ಮರಗಟ್ಟಿದ ಕತ್ತು ಇಲ್ಲಿ ಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಕೂತು ನೀರು ಕುಡಿಯಬೇಕು. ಎತ್ತರದಲ್ಲಿ ಎರಡು ದಿನ ಒಣಗಿದ ಮೈ ಒಮ್ಮೆಲೇ ಬಿಸಿಗೆ ಬಿದ್ದು ಎದ್ದರೆ ತಲೆ ಸುತ್ತುತ್ತದೆ.

ಕುಶ್ಮಾ ದಾಟಿದ ಮೇಲೆ ಮೆಟ್ಟಿಲು ಗದ್ದೆಯೊಂದರಲ್ಲಿ ಹೆಂಗಸರು ರಾಗಿ ತೆನೆಯನ್ನು ಕುಡುಗೋಲಿನಿಂದ ಕೊಯ್ದು ಬೆನ್ನಿನ ಡೋಕೊ ಬುಟ್ಟಿಗೆ ಎಸೆಯುತ್ತಿದ್ದರು. ಬರಿ ತೆನೆ ಮಾತ್ರ, ಹುಲ್ಲನ್ನು ಹೊಲದಲ್ಲೇ ನಿಲ್ಲಿಸಿದ್ದರು. ಪೊಖರಾದಲ್ಲಿ ಗುರುಜಿ ಬಾಗಿಲಿನ ಹಗ್ಗ ಬಿಚ್ಚಿ, ಕಾಲಡಿಯ ಮ್ಯಾಟುಗಳನ್ನು ಎಳೆದು ಕೊಡವಿದ. ಕಾಳಿ ಗಂಡಕಿಯ ಬೂದು ಮರಳು ಹಿಡಿಯಷ್ಟು ಬಿತ್ತು. ನಮ್ಮ ಗುಂಪಿನ ಹಿರಿಯರೊಬ್ಬರು ಬಗ್ಗಿ ಅದರಲ್ಲಿ ಬೆರಳಾಡಿಸಿ, ಕಡಲೆಕಾಳಿನಷ್ಟು ಒಂದು ಕರಿಯ ಕಲ್ಲನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.